ಸಿಗರೇಟ್ ಬಿಟ್ಟರೆ ದಪ್ಪ ಆಗ್ತಾರಂತಲ್ಲ?

ಆಗ್ತಾರೆ. ಎಲ್ಲರೂ ಅಲ್ಲ, ಬಹುಪಾಲು ಮಂದಿ. ಬಿಟ್ಟು ವರ್ಷ ತುಂಬುವ ಹೊತ್ತಿಗೆ ಸರಾಸರಿ 4ರಿಂದ 5 ಕೆ.ಜಿ. ಏರುತ್ತದೆ, ಅದರ ದೊಡ್ಡ ಪಾಲು ಮೊದಲ ಮೂರು ತಿಂಗಳಲ್ಲೇ. 2012ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ ಲೆಕ್ಕವೊಂದನ್ನು ಪ್ರಕಟಿಸಿತು. ಔಷಧಿಯ ನೆರವಿಲ್ಲದೆ ಬಿಟ್ಟ ನೂರು ಜನರಲ್ಲಿ ಸುಮಾರು 16 ಮಂದಿ ವರ್ಷದ ನಂತರ ಮೊದಲಿಗಿಂತ ಹಗುರವಾಗಿದ್ದರು. 13 ಮಂದಿಗೆ 10 ಕೆ.ಜಿ.ಗಿಂತ ಹೆಚ್ಚು ಏರಿತ್ತು. ಉಳಿದವರೆಲ್ಲ ನಡುವೆ.

ಕೇಳಿದ್ದಕ್ಕೆ ಉತ್ತರ ಇಷ್ಟೇ. ಆದರೆ ಕೇಳುವವರಿಗೆ ಇಷ್ಟು ಸಾಕಾಗುವುದಿಲ್ಲ. "ದಪ್ಪ ಆಗ್ತಾರಂತಲ್ಲ, ಹಾಗಿದ್ರೆ..." ಎಂದು ಅರ್ಧಕ್ಕೆ ನಿಲ್ಲಿಸಿ ಮುಖ ನೋಡುತ್ತಾರೆ. ಹಾಗಿದ್ರೆ ಸೇದೋದೇ ವಾಸಿ ಅಂತ ನನ್ನ ಬಾಯಿಂದ ಬರಬೇಕು. ಬರುವುದಿಲ್ಲ. ಈ ವಾಕ್ಯವನ್ನು ಇಷ್ಟು ಮಂದಿ ಇದೇ ಧಾಟಿಯಲ್ಲಿ ಕೇಳಿದ್ದಾರೆ ಎಂದರೆ, ಇನ್ನು ಮೇಲೆ ಇದನ್ನು ಓದಿ ಎಂದು ಕಳಿಸಿಬಿಡುತ್ತೇನೆ. 2018ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಅಧ್ಯಯನ ಇದನ್ನೇ ನೇರವಾಗಿ ಪರೀಕ್ಷಿಸಿತು. ಬಿಟ್ಟ ಮೇಲೆ ತೂಕ ಏರಿಸಿಕೊಂಡವರಲ್ಲಿ ಕೆಲವು ವರ್ಷ ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚಿತ್ತು, ನಿಜ, ಆಮೇಲೆ ಇಳಿಯಿತು. ಆದರೆ ಸೇದುತ್ತಲೇ ಇದ್ದವರಿಗಿಂತ ಬಿಟ್ಟವರಲ್ಲಿ ಸಾವು ಕಡಿಮೆ, ತೂಕ ಏರಿದವರಲ್ಲೂ ಕಡಿಮೆ. ಇನ್ನು ಸಿಗರೇಟು ತೆಳ್ಳಗಿಡುತ್ತದೆ ಎಂಬ ಮಾತು ಅರ್ಧ ಮಾತ್ರ ನಿಜ. ತಕ್ಕಡಿಯಲ್ಲಿ ಕಡಿಮೆ ತೂಗುವ ಧೂಮಪಾನಿಗೂ ಕೊಬ್ಬು ಹೊಟ್ಟೆಯ ಸುತ್ತಲೇ ಕೂರುವುದು ಹೆಚ್ಚು. ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದು ಎಂದು ನಮ್ಮವರಿಗೆ ಹೇಳುವುದು. ಟೇಪು ಹಿಡಿದು ಇವತ್ತೇ ಅಳೆದುಕೊಳ್ಳಿ, ಸಿಗರೇಟು ಕೈಯಲ್ಲಿರುವಾಗಲೇ.

ಏರುವುದು ಏಕೆ? ನಿಕೋಟಿನ್ ಮಿದುಳಿನ ಹೈಪೊಥಲಮಸ್‌ನಲ್ಲಿ ಹಸಿವನ್ನು ಅದುಮಿಟ್ಟಿತ್ತು. ಜೊತೆಗೆ, ಸುಮ್ಮನೆ ಕುಳಿತಾಗಲೂ ಮೈ ಹೆಚ್ಚು ಶಕ್ತಿ ಸುಡುವಂತೆ ಮಾಡಿತ್ತು. ದಿನಕ್ಕೆ ಇಪ್ಪತ್ತಕ್ಕೂ ಹೆಚ್ಚು ಸೇದುವವರಲ್ಲಿ ಈ ಎರಡನೆಯದರ ಪಾಲು ಸುಮಾರು 200 ಕ್ಯಾಲರಿ. ನಾಲ್ಕೈದು ಸೇದುವವರಿಗೆ ಅಷ್ಟಿಲ್ಲ. ನಿಕೋಟಿನ್ ಹೋದ ಮೇಲೆ ನಾಲಿಗೆ, ಮೂಗು ಮತ್ತೆ ಚುರುಕಾಗಿ ಊಟ ರುಚಿಸತೊಡಗುತ್ತದೆ.

ಈಗ ಆ 200 ಕ್ಯಾಲರಿಯನ್ನು ಟೀ ಅಂಗಡಿಗೆ ತನ್ನಿ. ಸೇದುವವರಲ್ಲಿ ಬಹಳ ಜನಕ್ಕೆ ದಮ್ಮು ಮತ್ತು ಟೀ ಜೋಡಿ. ದಿನಕ್ಕೆ ಆರು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಎಂದರೆ 60 ಗ್ರಾಂ, 240 ಕ್ಯಾಲರಿ. ಸಿಗರೇಟು ಸುಡುತ್ತಿದ್ದಷ್ಟೂ ಆ ಲೋಟದಲ್ಲೇ ಇದೆ. ಅಂಗಡಿಯಲ್ಲಿ ಸಕ್ಕರೆ ಮೊದಲೇ ಬೆರೆಸಿ ಕುದಿಸಿರುತ್ತಾರೆ. "ಸಕ್ಕರೆ ಇಲ್ಲದ್ದು" ಎಂದು ಕೇಳಿ, ಇಲ್ಲವೆಂದರೆ ಅಂಗಡಿ ಬದಲಿಸಿ. ಹೇಗೂ ಆ ಅಂಗಡಿಯ ಮುಂದೆ ನಿಲ್ಲುವುದು ನಿಮಗೆ ಈಗ ಒಳ್ಳೆಯದಲ್ಲ.

ನನ್ನನ್ನು ಯಾರೂ ಕೇಳದ, ಕೇಳಲೇಬೇಕಾದ ಪ್ರಶ್ನೆ ಇಲ್ಲಿಂದಲೇ ಶುರುವಾಗುತ್ತದೆ: ಬಿಟ್ಟ ದಿನದಿಂದ ಕಾಫಿ, ಟೀ ಎಷ್ಟು ಕಡಿಮೆ ಮಾಡಲಿ? ಅರ್ಧಕ್ಕೆ ಇಳಿಸಿ. ಹೊಗೆಯಲ್ಲಿರುವ ರಾಸಾಯನಿಕಗಳು ಪಿತ್ತಜನಕಾಂಗದ ಸಿವೈಪಿ1ಎ2 ಎಂಬ ಕಿಣ್ವವನ್ನು ಹೆಚ್ಚಿಸಿರುತ್ತವೆ, ಕೆಫೀನನ್ನು ಕರಗಿಸಿ ಹೊರಹಾಕುವುದು ಅದೇ. ಸೇದುವುದು ನಿಂತರೆ ಒಂದು ವಾರದೊಳಗೆ ಕಿಣ್ವ ಮಾಮೂಲಿಗೆ ಇಳಿಯುತ್ತದೆ. ನೀವು ಕುಡಿಯುವುದು ಅಷ್ಟೇ ಇದ್ದರೂ ರಕ್ತದಲ್ಲಿ ಕೆಫೀನ್ ಎರಡರಷ್ಟಾಗಬಹುದು. ಎದೆ ಡವಡವ, ಕೈ ನಡುಕ, ರಾತ್ರಿ ನಿದ್ದೆಯಿಲ್ಲ. ಇದನ್ನೆಲ್ಲ ಸಿಗರೇಟಿನ ಕೊರತೆ ಎಂದೇ ತಿಳಿದು ಒಬ್ಬರು ಮತ್ತೆ ಹಚ್ಚುತ್ತಾರೆ, ಇನ್ನೊಬ್ಬರು ಹನ್ನೊಂದು ಗಂಟೆ ರಾತ್ರಿ ಫ್ರಿಜ್ ತೆಗೆಯುತ್ತಾರೆ. ನಿದ್ದೆ ಕೆಟ್ಟ ಮರುದಿನ ಸಿಹಿಯ ಮೇಲೆ ಆಸೆ ಹೆಚ್ಚು. ಮಧ್ಯಾಹ್ನ ಎರಡರ ನಂತರ ಕಾಫಿ ಟೀ ಬೇಡ. ಕಿಣ್ವದ ಈ ಬದಲಾವಣೆ ಹೊಗೆಯಿಂದ ಆದದ್ದು, ನಿಕೋಟಿನ್‌ನಿಂದಲ್ಲ. ಹಾಗಾಗಿ ನಿಕೋಟಿನ್ ಗಮ್ ಅಗಿಯುತ್ತಿದ್ದರೂ ಈ ಲೆಕ್ಕ ಹಾಗೇ ಉಳಿಯುತ್ತದೆ.

ಗಮ್‌ನ ಮಾತು ಬಂತು. ಎದ್ದು ಅರ್ಧ ಗಂಟೆಯೊಳಗೆ ಮೊದಲ ಸಿಗರೇಟ್ ಹಚ್ಚುವವರಿಗೆ 4 ಮಿ.ಗ್ರಾಂ., ಉಳಿದವರಿಗೆ 2 ಮಿ.ಗ್ರಾಂ. ಮೊದಲ ಆರು ವಾರ ಒಂದೆರಡು ಗಂಟೆಗೊಂದು, ಮುಂದಿನ ಮೂರು ವಾರ ಎರಡರಿಂದ ನಾಲ್ಕು ಗಂಟೆಗೊಂದು, ಕೊನೆಯ ಮೂರು ವಾರ ನಾಲ್ಕರಿಂದ ಎಂಟು ಗಂಟೆಗೊಂದು. ಬಬಲ್ ಗಮ್ ಥರ ಅಗಿದು "ಇದು ಕೆಲಸ ಮಾಡಲ್ಲ" ಎನ್ನುವವರೇ ಹೆಚ್ಚು. ನಿಧಾನ ಅಗಿಯಿರಿ, ಖಾರ ಚುರುಗುಟ್ಟಿದೊಡನೆ ಕೆನ್ನೆ ಮತ್ತು ಒಸಡಿನ ನಡುವೆ ಒತ್ತಿಡಿ, ಖಾರ ಹೋದರೆ ಮತ್ತೆ ಅಗಿಯಿರಿ, ಹೀಗೆ ಅರ್ಧ ಗಂಟೆ. ರಸ ನುಂಗಿದರೆ ಬಿಕ್ಕಳಿಕೆ, ಎದೆಯುರಿ. ಗಮ್‌ಗೆ ಕಾಲು ಗಂಟೆ ಮುಂಚಿನಿಂದ, ಬಾಯಲ್ಲಿರುವಷ್ಟು ಹೊತ್ತೂ, ಕಾಫಿ ಜ್ಯೂಸು ಕುಡಿಯಬೇಡಿ, ನಿಕೋಟಿನ್ ಬಾಯಲ್ಲಿ ಹೀರಿಕೊಳ್ಳುವುದಿಲ್ಲ. ಗಮ್ ಇರುವಷ್ಟು ದಿನ ತೂಕ ನಿಧಾನವಾಗಿ ಏರುತ್ತದೆ. ನಿಮಗೆ ಸಿಗುವುದು ಆ 12 ವಾರಗಳ ಅವಕಾಶ.

ಆ ಅವಕಾಶದಲ್ಲಿ ಉಪವಾಸ, ಕ್ರ್ಯಾಶ್ ಡಯಟ್ ಶುರು ಮಾಡಬೇಡಿ. ಹಸಿದ ಹೊಟ್ಟೆಗೆ ಸಿಗರೇಟಿನ ಆಸೆ ಜೋರು. ಬೆಳಗಿನ ತಿಂಡಿ ತಪ್ಪಿಸಿ ದಮ್ಮಿನಲ್ಲೇ ಮಧ್ಯಾಹ್ನದವರೆಗೆ ತಳ್ಳುತ್ತಿದ್ದವರು ಮೊದಲು ತಿಂಡಿಗೆ ಕೂರಬೇಕು. ಇಡ್ಲಿಯ ಜೊತೆ ಸಾಂಬಾರ್ ಜಾಸ್ತಿ, ಅಥವಾ ಹೆಸರುಬೇಳೆ ಕೋಸಂಬರಿ, ಮೊಟ್ಟೆ. ಆಸೆಯ ಒಂದು ಅಲೆ ಮೂರರಿಂದ ಐದು ನಿಮಿಷ ಇರುತ್ತದೆ. ಅಷ್ಟು ಹೊತ್ತಿಗೆ ಕೈಗೂ ಬಾಯಿಗೂ ಕೆಲಸ ಬೇಕು: ಉದ್ದಕ್ಕೆ ಸೀಳಿದ ಸೌತೆ, ಕ್ಯಾರೆಟ್, ಒಂದು ಲವಂಗ, ಸಕ್ಕರೆ ಲೇಪವಿಲ್ಲದ ಸೋಂಪು, ಉಪ್ಪು ಕಡಿಮೆಯ ನೀರು ಮಜ್ಜಿಗೆ. ಹುರಿಗಡಲೆ ಆಗಬಹುದು, ಒಂದು ಹಿಡಿ ಮಾತ್ರ, 30 ಗ್ರಾಂಗೆ ಸುಮಾರು 110 ಕ್ಯಾಲರಿ. ಡಬ್ಬಿಯನ್ನೇ ಮೇಜಿನ ಮೇಲಿಟ್ಟುಕೊಂಡರೆ ಹಿಡಿ ನಾಲ್ಕಾಗುತ್ತದೆ. ಬೇಕರಿ ಪಫ್, ಖಾರ ಬನ್, ಮಿಕ್ಸ್ಚರ್ ಮೊದಲ ಮೂರು ತಿಂಗಳು ದೂರವಿರಲಿ. ಬಾಯಾಡಿಸಲು ಗುಟ್ಕಾ, ಜರ್ದಾ ಬೀಡಾಕ್ಕೆ ಹೋಗುವವರಿದ್ದಾರೆ. ದಯವಿಟ್ಟು ಬೇಡ. ಬರೀ ಅಡಿಕೆಯೂ ಬಾಯಿ ಕ್ಯಾನ್ಸರ್ ತರುತ್ತದೆ.

ಮಲಬದ್ಧತೆಯ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ಬೆಳಗಿನ ಸಿಗರೇಟು ಕರುಳನ್ನು ಎಬ್ಬಿಸುತ್ತಿತ್ತು, ಅದಿಲ್ಲದೆ ಕೆಲವು ವಾರ ಹೊಟ್ಟೆ ಉಬ್ಬರ. ಇದನ್ನೂ ದಪ್ಪ ಆದೆ ಎಂದು ಲೆಕ್ಕ ಹಾಕುತ್ತಾರೆ. ನೀರು, ಸೊಪ್ಪು, ಹಣ್ಣು, ರಾಗಿ ಮುದ್ದೆ ಸಾಕು.

ನಡಿಗೆ 45 ನಿಮಿಷ, ಮಾತಾಡಬಹುದು ಹಾಡಲಾಗದು ಎನ್ನುವಷ್ಟು ಬಿರುಸು. 70 ಕೆ.ಜಿ. ಮೈಗೆ ಅದು ಹೆಚ್ಚುಕಡಿಮೆ 170–200 ಕ್ಯಾಲರಿ. ಊಟದ ನಂತರ ಸೇದುತ್ತಿದ್ದ ಹೊತ್ತಿಗೇ ಅದರಲ್ಲಿ ಹತ್ತು ನಿಮಿಷ ಹಾಕಿ.

ಇನ್ಸುಲಿನ್ ತೆಗೆದುಕೊಳ್ಳುವವರು ಬಿಡುವ ದಿನಾಂಕವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ಸೇದುವುದು ನಿಂತರೆ ಚುಚ್ಚಿದ ಇನ್ಸುಲಿನ್ ಚೆನ್ನಾಗಿ ಹೀರಿಕೊಂಡು ಸಕ್ಕರೆ ತೀರಾ ಇಳಿಯಬಹುದು. ಉಬ್ಬಸಕ್ಕೆ ಥಿಯೋಫಿಲಿನ್, ಮನೋರೋಗಕ್ಕೆ ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುವವರೂ ಹೇಳಲೇಬೇಕು. ಕೆಫೀನ್ ಕರಗಿಸುವ ಕಿಣ್ವವೇ ಇವನ್ನೂ ಕರಗಿಸುವುದು, ಡೋಸ್ ಇಳಿಸಬೇಕಾಗುತ್ತದೆ. ಹೇಳಿಕೊಳ್ಳಲು ವೈದ್ಯರಿಲ್ಲದಿದ್ದರೆ ಸಿಗರೇಟ್ ಪ್ಯಾಕಿನ ಮೇಲೇ ಅಚ್ಚಾಗಿರುವ, ತಂಬಾಕು ಬಿಡಲು ನೆರವಾಗುವ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಿ, ಹಣ ಬೀಳುವುದಿಲ್ಲ.

ತೂಕ ವಾರಕ್ಕೊಮ್ಮೆ ನೋಡಿ, ದಿನಾ ಬೇಡ. 12ನೇ ವಾರ ಗಮ್ ನಿಂತ ಮೇಲೆ ಮತ್ತೆ ಸ್ವಲ್ಪ ಏರಬಹುದು. ಅನ್ನ ಒಂದು ಸೌಟು ಕಡಿಮೆ ಮಾಡುವುದು, ಎಣ್ಣೆ ಅಳೆದು ಹಾಕುವುದು ಆಗ. ಅಲ್ಲಿಯವರೆಗೆ ಎರಡು ಮೂರು ಕೆ.ಜಿ. ಏರಿದ್ದರೆ ಏರಿರಲಿ, ಸಿಗರೇಟ್ ಮಾತ್ರ ಹಚ್ಚಬೇಡಿ.