ಸತ್ತ ಎಂಜಿನ್ ಯಾವುದು ಅಂತ ಕಾಲು ಹೇಳುತ್ತೆ

ದಾವಣಗೆರೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ನಮ್ಮ ಕಡೆಯವರು ಹುಬ್ಬಳ್ಳಿಗೆ ಹೋಗಿ ಹತ್ತುತ್ತಾರೆ, 2023ರಿಂದ ಶಿವಮೊಗ್ಗಕ್ಕೂ ಹೋಗುತ್ತಿದ್ದಾರೆ. ಇಂಥ ಊರುಗಳಿಗೆ ಬರುವ ಎಟಿಆರ್-72 ವಿಮಾನಕ್ಕೆ ಎರಡು ಎಂಜಿನ್, ಒಂದೊಂದಕ್ಕೂ ಪ್ರೊಪೆಲ್ಲರ್. ‘ಫ್ಯಾನ್ ವಿಮಾನ’ ಅಂತ ಹಿಂದೇಟು ಹಾಕುವವರು ಕೇಳೋದು ಒಂದೇ ಪ್ರಶ್ನೆ: ಮೇಲೆದ್ದ ಕೂಡಲೇ ಒಂದು ಎಂಜಿನ್ ಕೈಕೊಟ್ಟರೆ?

ಉಳಿದ ಒಂದರಲ್ಲೇ ವಿಮಾನ ಮೇಲೇರುತ್ತೆ. ಚಕ್ರ ಮಡಚಿದ ಮೇಲೆ ಒಂದೇ ಎಂಜಿನ್‌ನಲ್ಲಿ ನೂರು ಮೀಟರ್ ಮುಂದೆ ಹೋದರೆ ಕನಿಷ್ಠ 2.4 ಮೀಟರ್ ಏರಬೇಕು, ಎರಡು ಎಂಜಿನ್ ವಿಮಾನಗಳಿಗೆ ಇದು ನಿಯಮ. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿ.ಮೀ. ಅಷ್ಟು ದೂರದಲ್ಲಿ 336 ಮೀಟರ್ ಆಯಿತು. ಏಪ್ರಿಲ್ ಬಿಸಿಲಿಗೆ ಗಾಳಿ ತೆಳುವಾಗಿ ಎಂಜಿನ್ ಶಕ್ತಿ ಇಳಿಯುತ್ತೆ. ಅದಕ್ಕೇ ಅವತ್ತಿನ ಬಿಸಿ, ಗಾಳಿ, ರನ್‌ವೇ ಉದ್ದ ನೋಡಿ ಎಷ್ಟು ತೂಕ ಹೊರಬಹುದು ಅಂತ ಹೊರಡುವ ಮುಂಚೆಯೇ ಲೆಕ್ಕ ಹಾಕಿರುತ್ತಾರೆ.

ನಿಜವಾದ ಅಪಾಯ ಅವಸರದ ಕೈಯಲ್ಲಿದೆ. ಚಿತ್ರದುರ್ಗದ ಹೈವೇಲಿ ಲಾರಿಯ ಮುಂದಿನ ಟೈರ್ ಒಡೆದರೆ ಪಳಗಿದ ಡ್ರೈವರ್ ಬ್ರೇಕ್ ಮೇಲೆ ಎದ್ದು ನಿಲ್ಲಲ್ಲ, ಮೊದಲು ಸ್ಟೇರಿಂಗ್ ಗಟ್ಟಿ ಹಿಡೀತಾರೆ. ಕಾಕ್‌ಪಿಟ್‌ನಲ್ಲೂ ಹಾಗೇ. ಎಡ ಎಂಜಿನ್ ಸತ್ತರೆ ಮೂಗು ಎಡಕ್ಕೆ ಎಳೆಯುತ್ತೆ, ನೇರ ಇರಿಸಲು ಬಲಗಾಲಲ್ಲಿ ರಡ್ಡರ್ (ಮೂಗನ್ನು ಎಡ-ಬಲಕ್ಕೆ ತಿರುಗಿಸುವ ಬಾಲದ ಪಟ್ಟಿ) ಪೆಡಲ್ ಒತ್ತಬೇಕು. ಕೆಲಸವಿಲ್ಲದೆ ಸುಮ್ಮನಿರುವ ಕಾಲು ಯಾವ ಕಡೆಯೋ ಸತ್ತ ಎಂಜಿನ್ ಆ ಕಡೆ. ಪೈಲಟ್‌ಗಳಿಗೆ ಇದು ಮೊದಲ ಪಾಠ. ಆಮೇಲೆ ಚಕ್ರ ಮೇಲಕ್ಕೆ. ಕಡೇಪಕ್ಷ 400 ಅಡಿ ಏರುವ ತನಕ ಎಂಜಿನ್ ಲಿವರ್‌ಗೆ ಕೈ ಹಾಕುವಂತಿಲ್ಲ.

ಆ ಹೊತ್ತಿಗೆ ತುರ್ತು ಕೆಲಸವನ್ನು ಎಟಿಆರ್ ತಾನೇ ಮಾಡಿ ಮುಗಿಸಿರುತ್ತೆ. ಎಂಜಿನ್‌ನ ಟಾರ್ಕ್, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಬಲ, 18 ಶೇಕಡಾಕ್ಕಿಂತ ಇಳಿದರೆ ಇನ್ನೊಂದರ ಶಕ್ತಿ 90ರಿಂದ 100 ಶೇಕಡಾಕ್ಕೆ ಏರುತ್ತೆ. 2.15 ಸೆಕೆಂಡಿಗೆ ಸತ್ತದ್ದರ ಪ್ರೊಪೆಲ್ಲರ್ ‘ಫೆದರ್’ ಆಗುತ್ತೆ, ಅಂದರೆ ಅದರ ಎಲೆಗಳು ಗಾಳಿಗೆ ಅಂಚು ಕೊಟ್ಟು ತಿರುಗಿ ನಿಲ್ಲುತ್ತವೆ. ಬೀಸೋ ಗಾಳಿಗೆ ಮೊರ ಅಡ್ಡ ಹಿಡಿದರೆ ಕೈಯನ್ನೇ ಎಳೆದೊಯ್ಯುತ್ತೆ, ಅಂಚು ತಿರುಗಿಸಿದರೆ ಹಗುರ. ಅಷ್ಟೇ ಲೆಕ್ಕ.

400 ಅಡಿ ದಾಟಿದ ಮೇಲೂ ಒಬ್ಬರದ್ದು ಹಾರಿಸುವ ಕೆಲಸ ಮಾತ್ರ. ಇನ್ನೊಬ್ಬರು ಲಿವರ್ ಮೇಲೆ ಕೈಯಿಟ್ಟು, ಯಾವ ಎಂಜಿನ್ ಅಂತ ಬಾಯಿಬಿಟ್ಟು ಹೇಳಿ, ಹಾರಿಸುತ್ತಿರುವವರು ನೋಡಿ ‘ಕನ್ಫರ್ಮ್’ ಅಂದ ಮೇಲೇ ಎಳೆಯಬೇಕು. ಮೊದಲು ಪವರ್ ಲಿವರ್ ಐಡಲ್‌ಗೆ, ಅಂದರೆ ತೀರಾ ಕಮ್ಮಿ ಶಕ್ತಿಗೆ. ಆಮೇಲೆ ಪ್ರೊಪೆಲ್ಲರ್, ಇಂಧನ ಎರಡನ್ನೂ ನಿಯಂತ್ರಿಸುವ ಕಂಡಿಷನ್ ಲಿವರ್ ಫೆದರ್‌ಗೆ, ಅಲ್ಲಿಂದ ಇಂಧನ ಬಂದ್. ಬೆಂಕಿಯಿದ್ದರೆ ಫೈರ್ ಹ್ಯಾಂಡಲ್ ಎಳೆದು 10 ಸೆಕೆಂಡ್ ಕಾಯಬೇಕು. ಒಳಗಿನ ಗಾಳಿಯ ಓಟ ತಗ್ಗದಿದ್ದರೆ ಬೆಂಕಿ ಆರಿಸುವ ಅನಿಲ ಉಳಿಯದೆ ಹೊರಗೆ ಹೋಗಿಬಿಡುತ್ತೆ. ಆಮೇಲೆ ಆ ಅನಿಲದ ಮೊದಲ ಬಾಟಲಿ. 30 ಸೆಕೆಂಡಿಗೂ ಬೆಂಕಿಯ ಕೆಂಪು ದೀಪ ಆರದಿದ್ದರೆ ಎರಡನೆಯದು. ನಿಯಂತ್ರಣ ಗೋಪುರಕ್ಕೆ ‘ಮೇಡೇ’ ಅನ್ನೋ ಅಪಾಯದ ಕರೆ, ಗಗನಸಖಿಯರಿಗೆ ಸೂಚನೆ, ಪ್ರಯಾಣಿಕರಿಗೆ ಎರಡು ಮಾತು, ಇವೆಲ್ಲ ವಿಮಾನ ಹಿಡಿತಕ್ಕೆ ಬಂದ ಮೇಲೆ. ಸ್ಪೀಕರ್ ಮೌನವಾಗಿದೆ ಅಂದರೆ ಅವರು ಮಾಡಬೇಕಾದ್ದನ್ನೇ ಮಾಡುತ್ತಿದ್ದಾರೆ.

ಆ ‘ಕನ್ಫರ್ಮ್’ ತಪ್ಪಿದರೆ ಏನಾಗುತ್ತೆ ಅನ್ನೋದು 2015ರ ಫೆಬ್ರವರಿ 4ರಂದು ತೈಪೆಯಲ್ಲಿ ಕಂಡಿತು. ತೈವಾನ್‌ನ ಟ್ರಾನ್ಸ್‌ಏಷ್ಯಾ ಕಂಪನಿಯ ಎಟಿಆರ್-72, ಮೇಲೆದ್ದ ಸ್ವಲ್ಪ ಹೊತ್ತಿಗೆ ಎರಡನೇ (ಬಲ) ಎಂಜಿನ್‌ನ ಪ್ರೊಪೆಲ್ಲರ್ ತಾನೇ ಫೆದರ್ ಆಯಿತು. ತನಿಖೆ ಬೊಟ್ಟು ಮಾಡಿದ್ದು ತಾನಾಗೇ ಫೆದರ್ ಮಾಡಿಸುವ ಆಟೋಫೆದರ್ ಘಟಕದೊಳಗಿನ ಕೆಟ್ಟ ಬೆಸುಗೆಯ ಕಡೆಗೆ. ಎಂಜಿನ್ ಸತ್ತಿರಲೇ ಇಲ್ಲ. ಕ್ಯಾಪ್ಟನ್ ಕೆಲವೇ ಸೆಕೆಂಡುಗಳಲ್ಲಿ ಚೆನ್ನಾಗಿದ್ದ ಒಂದನೇ (ಎಡ) ಎಂಜಿನ್‌ನ ಲಿವರ್ ಹಿಂದಕ್ಕೆ ಎಳೆದರು. ತಡೆಯಿರಿ, ಒಮ್ಮೆ ಪರೀಕ್ಷಿಸೋಣ ಅಂತ ಪಕ್ಕದವರು ಹೇಳಿದ್ದು ರೆಕಾರ್ಡರ್‌ನಲ್ಲಿದೆ. ಎರಡೇ ನಿಮಿಷ, ವಿಮಾನ ನದಿಗೆ ಬಿತ್ತು. ಇದ್ದ 58 ಜನರಲ್ಲಿ 43 ಮಂದಿ ತೀರಿಕೊಂಡರು. ಆ ಒಂದು ‘ತಡೆಯಿರಿ’ಗೆ ಬೆಲೆ ಸಿಕ್ಕಿದ್ದರೆ ಅನ್ನೋ ಸಂಕಟ ಈ ವರದಿ ಓದಿದಾಗಲೆಲ್ಲ ಆಗುತ್ತೆ.

ಇನ್ನೊಂದು ಘಟನೆ ಪ್ರಯಾಣಿಕರಿಗೇ ಸಂಬಂಧಿಸಿದ್ದು. 1989ರ ಜನವರಿ 8, ಇಂಗ್ಲೆಂಡಿನ ಕೆಗ್ವರ್ತ್, ಬೋಯಿಂಗ್ 737-400. ಎಡ ಎಂಜಿನ್‌ನ ಫ್ಯಾನ್ ಎಲೆ ಮುರಿದು ವಿಮಾನ ಅದುರಿತು, ಒಳಗೆ ಹೊಗೆ ಬಂತು. ಪೈಲಟ್‌ಗಳು ಬಂದ್ ಮಾಡಿದ್ದು ಬಲದ್ದನ್ನ. ಅದೇ ಸಮಯಕ್ಕೆ ಅದುರುವಿಕೆ ತಗ್ಗಿದ್ದರಿಂದ ಸರಿಯಾದದ್ದನ್ನೇ ನಿಲ್ಲಿಸಿದೆವು ಅಂತ ಅವರಿಗೆ ನಂಬಿಕೆ ಬಂತು. ಬಲ ಎಂಜಿನ್‌ಗೆ ತೊಂದರೆ ಅಂತ ಕ್ಯಾಪ್ಟನ್ ಹೇಳಿದ್ದನ್ನು, ಎಡಗಡೆ ಬೆಂಕಿ ಕಂಡಿದ್ದವರೂ ಕೇಳಿಸಿಕೊಂಡರು. ಒಬ್ಬರೂ ಬಾಯಿಬಿಡಲಿಲ್ಲ. ಇಳಿಯುವ ಹೊತ್ತಿಗೆ ಎಡ ಎಂಜಿನ್ ಪೂರ್ತಿ ಕೈಕೊಟ್ಟು 47 ಜನ ಸತ್ತರು.

ಹಾಗಾಗಿ ಕಿಟಕಿಯಲ್ಲಿ ಬೆಂಕಿಯೋ ಹೊಗೆಯೋ ಕಂಡರೆ ಸಂಕೋಚ ಬೇಡ, ಗಗನಸಖಿಗೆ ಕೇಳುವ ಹಾಗೆ ಕೂಗಿ ಹೇಳಿ. ಬರೀ ‘ಎಡಗಡೆ’ ಅಂದರೆ ಸಾಲದು. ಅವರ ಸೀಟು ಹಿಂಬದಿಗೆ ಮುಖ ಮಾಡಿದ್ದರೆ ನಿಮ್ಮ ಎಡ ಅವರ ಬಲ ಆಗುತ್ತೆ. ಬೋರ್ಡಿಂಗ್ ಪಾಸ್‌ನಲ್ಲಿರೋ ಸಾಲು, ಅಕ್ಷರ ಎರಡನ್ನೂ ಸೇರಿಸಿ ಹೇಳಿ: ‘ಎಂಟನೇ ಸಾಲು, ಎ ಕಿಟಕಿ, ಬೆಂಕಿ.’