ಹನ್ನೆರಡನೇ ವಾರ: ಮೊದಲು ಡಂಬೆಲ್, ಆಮೇಲೆ ಲಾಲ್‌ಬಾಗ್

ಬಿಪಿಗಾಗಿ ವ್ಯಾಯಾಮ ಶುರುಮಾಡಿ ಇದು ಹನ್ನೆರಡನೇ ವಾರ. ಈ ವಾರ ಒಂದು ವಿಷಯ ಪಕ್ಕಾ ಮಾಡಿಕೊಂಡೆ. ಮೊದಲು ಭಾರ ಎತ್ತುವುದು, ಆಮೇಲೆ ನಡಿಗೆ. ಇಷ್ಟು ದಿನ ಉಲ್ಟಾ ಮಾಡುತ್ತಿದ್ದೆ. ಲಾಲ್‌ಬಾಗ್ ಸುತ್ತಿ, ಸುಸ್ತಾಗಿ ಮನೆಗೆ ಬಂದ ಮೇಲೆ ಡಂಬೆಲ್ ಮುಟ್ಟುತ್ತಿದ್ದೆ.

2007ರಲ್ಲಿ ಜಪಾನಿನ ಸಂಶೋಧಕರು ಈ ಎರಡು ಕ್ರಮಗಳನ್ನೇ ಹೋಲಿಸಿ ನೋಡಿದ್ದರು. ಭಾರ ಎತ್ತಿದ ಮೇಲೆ ಓಡಿದವರ ರಕ್ತನಾಳಗಳ ಬಿಗಿತ ಕಡಿಮೆಯಾಗಿತ್ತು. ಮೊದಲೇ ಓಡಿದವರಲ್ಲಿ ಆ ಲಾಭ ಕಾಣಲಿಲ್ಲ. ಅದು ಚಿಕ್ಕ ಅಧ್ಯಯನ, ಅದರಲ್ಲಿದ್ದವರು ಆರೋಗ್ಯವಂತ ಯುವಕ ಯುವತಿಯರು. ನನಗೆ 51. ಆದರೂ ಕ್ರಮ ಬದಲಿಸೋಕೆ ದುಡ್ಡು ಬೇಕಾಗಿಲ್ಲ, ಅಲ್ವಾ?

ಬಿರುಸಾಗಿ ನಡೆದಾಗ ರಕ್ತವು ನಾಳದ ಒಳಗೋಡೆಯನ್ನು ಸವರುತ್ತಾ ಜೋರಾಗಿ ಹರಿಯುತ್ತದೆ. ಆಗ ಆ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುತ್ತದೆ, ನಾಳ ಸಡಿಲಗೊಂಡು ಅಗಲವಾಗುತ್ತದೆ. ಈ ಅನಿಲದ ಕೆಲಸ ಕಂಡುಹಿಡಿದ ಮೂವರಿಗೆ 1998ರಲ್ಲಿ ನೊಬೆಲ್ ಬಂತು. ಹಾಗಂತ ಬರೀ ನಡೆದರೆ ಸಾಲದು. ಈ ವಯಸ್ಸಿಗೆ ಸ್ನಾಯು ಕರಗುತ್ತಾ ಹೋಗುತ್ತದೆ, ರಕ್ತದ ಸಕ್ಕರೆಯನ್ನು ಜಾಸ್ತಿ ಎಳೆದುಕೊಳ್ಳುವುದು ಅದೇ ಸ್ನಾಯು.

ಭಾರ ಎತ್ತುವಾಗ ನನ್ನ ದೊಡ್ಡ ತಪ್ಪು ಉಸಿರು ಬಿಗಿ ಹಿಡಿಯುವುದು. ಮನೆಯಲ್ಲಿ 20 ಲೀಟರ್ ನೀರಿನ ಕ್ಯಾನ್ ಎತ್ತಿ ಇಡುವಾಗಲೂ ಅದೇ ಅಭ್ಯಾಸ. ಹಲ್ಲು ಕಚ್ಚಿ, ಉಸಿರು ಕಟ್ಟಿ ಎತ್ತುತ್ತಿದ್ದೆ, ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಆ ಗಳಿಗೆಯಲ್ಲಿ ಬಿಪಿ ಸರ್ರನೆ ಏರುತ್ತದೆ. ಈಗ ಪ್ರತಿ ಸಲ ಎತ್ತುವಾಗ ಒಂದು, ಎರಡು ಅಂತ ಬಾಯಿಬಿಟ್ಟು ಎಣಿಸುತ್ತೇನೆ. ಎಣಿಸುತ್ತಾ ಉಸಿರು ಹಿಡಿಯೋಕೆ ಆಗುವುದೇ ಇಲ್ಲ.

ಸೋಮವಾರ, ಗುರುವಾರ ಭಾರ, 25 ನಿಮಿಷ. ವಾರಕ್ಕೆ ಐದು ದಿನ ತಲಾ 30 ನಿಮಿಷ ನಡಿಗೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ 150 ನಿಮಿಷ ಅಲ್ಲಿಗೆ ಸರಿಹೋಯಿತು. ಕೊನೆಗೆ ಕೆಂಪೇಗೌಡ ಗೋಪುರದ ಬಂಡೆ ಹತ್ತುತ್ತೇನೆ. ಮೇಲೆ ತಲುಪಿದಾಗ ಜೊತೆಗಾರರೊಂದಿಗೆ ಮಾತಾಡುವಷ್ಟು ಉಸಿರು ಇರಬೇಕು, ಹಾಡುವಷ್ಟು ಇರಬಾರದು. ಅದೇ ನನ್ನ ಅಳತೆ.

ಬಿಪಿ ಲೆಕ್ಕದಲ್ಲಿ ಮಾತ್ರ ಒಂದು ಎಡವಟ್ಟಾಗಿತ್ತು. ಬಿಪಿ ನೋಡುವಾಗ ತೋಳಿಗೆ ಸುತ್ತುವ ಪಟ್ಟಿ ಇದೆಯಲ್ಲ, ಮೊದಲ ಮೂರು ವಾರ ಬಳಸಿದ್ದು ನನ್ನ ತೋಳಿಗೆ ಚಿಕ್ಕದು. ಪಟ್ಟಿ ಚಿಕ್ಕದಾದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಆ ಅಂಕಿಗಳನ್ನೆಲ್ಲ ಹೊಡೆದುಹಾಕಿದೆ. ಹೊಸ ಪಟ್ಟಿಯಲ್ಲಿ, ಐದು ನಿಮಿಷ ಸುಮ್ನೆ ಕೂತು ನೋಡಿದ ಸರಾಸರಿ ನಾಲ್ಕನೇ ವಾರ 138/88, ಈ ವಾರ 132/84. ನಡುವೆ ಉಪ್ಪಿನಕಾಯಿ, ಹಪ್ಪಳವನ್ನೂ ಬಿಟ್ಟಿದ್ದೇನೆ. ಹಾಗಾಗಿ ಇಳಿದದ್ದೆಲ್ಲ ವ್ಯಾಯಾಮದಿಂದ ಅಂತ ಹೇಳಲಾರೆ. ಮಾತ್ರೆ ಮೊದಲಿನಂತೆಯೇ ಇದೆ, ಅದನ್ನು ಮುಟ್ಟುವುದು ಡಾಕ್ಟರ ಕೆಲಸ.

ಮುಂದಿನ ವಾರ 5 ಕೆಜಿಯಿಂದ 6 ಕೆಜಿಗೆ ಹೋಗುತ್ತೇನೆ. ಮಳೆ ಬಂದರೆ ಲಾಲ್‌ಬಾಗ್ ಬದಲು ಅಪಾರ್ಟ್‌ಮೆಂಟ್ ಮೆಟ್ಟಿಲು, ಅದೇ 30 ನಿಮಿಷ.