ಸೀಗಲ್‌ಗಳು ಎದ್ದರೆ ಮಾತ್ರ ಮೇಲೆ ನೋಡಿ

ಹದ್ದು, ಗಿಡುಗ ನೋಡಲು ಹೋದವರು ಸುಮ್ನೆ ಆಕಾಶ ನೋಡಿ ಕುತ್ತಿಗೆ ನೋಯಿಸಿಕೊಳ್ಳುತ್ತಾರೆ. ಕಾಸರಗೋಡು ಜಿಲ್ಲೆಯ ಕುಂಬಳೆ ಕಡೆಯ ಅಳಿವೆಗಳಲ್ಲಿ ಆ ಕಷ್ಟ ಬೇಡ. ಮರಳ ದಿಬ್ಬದ ಮೇಲೆ ಕೂತ ಸೀಗಲ್‌ಗಳನ್ನು ನೋಡುತ್ತಿದ್ದರೆ ಸಾಕು, ಬಾಕಿ ವಿಷಯ ಅವೇ ಹೇಳುತ್ತವೆ. ಕಳೆದ ಡಿಸೆಂಬರಿನಲ್ಲಿ ಭಾವನ ಜೊತೆ ಶಿರಿಯ ಹೊಳೆ ಕಡಲು ಸೇರುವಲ್ಲಿಗೆ ಹೋದ ಮೇಲೆ ನನಗೆ ಇದರಲ್ಲಿ ಸಂಶಯ ಉಳಿದಿಲ್ಲ.

ಬೆಳಿಗ್ಗೆ ನೀರು ಇಳಿದಿತ್ತು. ಇಳಿತದ ಹೊತ್ತು ನೋಡಿಯೇ ಹೊರಡಬೇಕು, ಇಲ್ಲದಿದ್ದರೆ ಕೂರಲು ದಿಬ್ಬವೂ ಇಲ್ಲ, ಹಕ್ಕಿಯೂ ಇಲ್ಲ. ಚಳಿಗಾಲದಲ್ಲಿ ಆ ಹೊತ್ತಿಗೆ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಹಕ್ಕಿಗಳು ಗಾಳಿಗೆ ಮುಖ ಮಾಡಿ ಕೂರುವುದರಿಂದ ಎಲ್ಲವೂ ನಮ್ಮ ಕಡೆಗೇ ತಿರುಗಿದ್ದವು, ಬಿಸಿಲು ನಮ್ಮ ಬೆನ್ನಿಗೆ. ಇದಕ್ಕಿಂತ ಒಳ್ಳೆ ಜಾಗ ಬೇಕಾ?

ಜಾಸ್ತಿ ಇದ್ದದ್ದು ಕಂದುತಲೆಯ ಗಲ್‌ಗಳು. ಹೆಸರು ನಂಬಬೇಡಿ. ಚಳಿಗಾಲದಲ್ಲಿ ತಲೆ ಬಿಳಿ, ಕಣ್ಣಿನ ಹಿಂದೆ ಒಂದು ಕಪ್ಪು ಮಚ್ಚೆ ಅಷ್ಟೆ. ಕರಿತಲೆ ಗಲ್ ಅಂತ ಇನ್ನೊಂದು ಜಾತಿ, ಅದರದ್ದೂ ಹಾಗೆಯೇ ಇರುತ್ತದೆ. ಕಣ್ಣು ತಿಳಿಬಣ್ಣದ್ದಾಗಿದ್ದು, ರೆಕ್ಕೆಯ ಕಪ್ಪು ತುದಿಯಲ್ಲಿ ಬಿಳಿ ಚುಕ್ಕೆ ಕಂಡರೆ ಕಂದುತಲೆ. ಲಡಾಖ್, ಟಿಬೆಟ್‌ನ ಸರೋವರಗಳಲ್ಲಿ ಮರಿ ಮಾಡಿ ನಮ್ಮ ಕರಾವಳಿಗೆ ಬರುವ ಹಕ್ಕಿಗಳಿವು.

ಗರುಡಗಳು ತಲೆ ಮೇಲೇ ಸುತ್ತುತ್ತಿದ್ದರೂ ಗಲ್‌ಗಳಿಗೆ ಏನೂ ಅನ್ನಿಸಲಿಲ್ಲ. ಸೇತುವೆ ಮೇಲೆ ರೈಲು ಗಡಗಡ ಹೋಯಿತು, ಅದಕ್ಕೂ ಕ್ಯಾರೇ ಇಲ್ಲ. ಆಮೇಲೆ ಮೀನುಗಿಡುಗ ಬಂತು, ಆಸ್ಪ್ರೆ ಅಂತಾರಲ್ಲ, ಅದೇ. ದಿಬ್ಬದ ತುದಿಯಲ್ಲಿದ್ದ ಕೆಲವು ಟರ್ನ್‌ಗಳು, ಗಲ್‌ಗಳ ನೆಂಟರಾದ ತೆಳ್ಳಗಿನ ಕಡಲಹಕ್ಕಿಗಳು, ಎದ್ದು ಅಲ್ಲೇ ಕೂತವು. ಮೀನುಗಿಡುಗ ಮೀನು ಬಿಟ್ಟು ಬೇರೆ ಏನನ್ನೂ ಮುಟ್ಟುವುದು ಅಪರೂಪ.

ಅದು ಹೊಳೆಯ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತಾ ನಿಂತಿತು, ಸ್ವಲ್ಪ ಇಳಿಯಿತು, ಮತ್ತೆ ನಿಂತಿತು. ಕೊನೆಗೆ ಕಾಲು ಮುಂದೆ ಚಾಚಿ ಧಡ್ ಅಂತ ಬಿತ್ತು. ನೀರಿನಿಂದ ಏಳುವಾಗ ಒದ್ದೆ ನಾಯಿಯ ಹಾಗೆ ಮೈ ಕೊಡವಿತು. ಕಾಲಲ್ಲಿ ಮೀನು ಅಡ್ಡಡ್ಡ ಒದ್ದಾಡುತ್ತಿತ್ತು. ಹಾರುತ್ತಲೇ ಅದನ್ನು ತಿರುಗಿಸಿ ತಲೆ ಮುಂದೆ ಬರುವಂತೆ ಹಿಡಿಯಿತು. ಇದರ ಹೊರಬೆರಳು ಹಿಂದಕ್ಕೂ ತಿರುಗುತ್ತದೆ, ಅಂಗಾಲಲ್ಲಿ ಸಣ್ಣ ಮುಳ್ಳುಗಳಿವೆ, ಹಾಗಾಗಿ ಮೀನು ಜಾರುವುದಿಲ್ಲ.

ನಾನು ಬೈನಾಕ್ಯುಲರಿನಲ್ಲಿ ಅದನ್ನೇ ನೋಡುತ್ತಿದ್ದೆ. ಅಷ್ಟರಲ್ಲಿ ಇಡೀ ದಿಬ್ಬವೇ ಎದ್ದಿತು. ಗಲ್, ಟರ್ನ್, ಸಣ್ಣ ಕಡಲಂಚಿನ ಹಕ್ಕಿಗಳು, ಎಲ್ಲವೂ ಒಟ್ಟಿಗೆ.

"ಮೇಲೆ ನೋಡು ಮಾರಾಯ!" ಅಂದ ಭಾವ.

ಬಿಳಿಹೊಟ್ಟೆಯ ಕಡಲ ಹದ್ದು. ಅಗಲ ರೆಕ್ಕೆಯನ್ನು ಸ್ವಲ್ಪ ಮೇಲಕ್ಕೆತ್ತಿ ಹಿಡಿದು, ಅವಸರವೇ ಇಲ್ಲದೆ ತೇಲಿ ಬಂತು. 2023ರಲ್ಲಿ ಕಾಸರಗೋಡು ಜಿಲ್ಲೆಯ ಪಕ್ಷಿ ಅಂತ ಘೋಷಿಸಿದ್ದು ಇದನ್ನೇ. ಘನತೆ ಏನೋ ಇದೆ, ಆದರೆ ಬುದ್ಧಿ ಕಳ್ಳನದ್ದು. ನೇರ ಮೀನುಗಿಡುಗನ ಬೆನ್ನು ಹತ್ತಿತು. ಮೀನು ಹಿಡಿದ ಗಿಡುಗ ಹಿಂದೆ, ಮುಂದೆ, ಅಡ್ಡ ತಿರುಗಿ ತೆಂಗಿನ ತೋಟಗಳ ಮೇಲೆ ನುಗ್ಗಿತು, ಹದ್ದೂ ಹಿಂದೆಯೇ. ಯಾರು ಗೆದ್ದರೋ, ತೆಂಗಿನ ಗರಿಗಳು ನಮಗೆ ಕಾಣಲು ಬಿಡಲಿಲ್ಲ.

ಬಲೆ ಸರಿಮಾಡುತ್ತಿದ್ದ ಒಬ್ಬರು ನಕ್ಕರು. "ನೀವು ಬೂತಾಯಿ ಮೀನು ಎಲ್ಲಿದೆ ಅಂತ ನೋಡ್ತಿದ್ದೀರಿ ಅಂದುಕೊಂಡೆ ಮಾರಾಯ್ರೆ." ಹಕ್ಕಿಗಳು ಎಲ್ಲಿ ಮುತ್ತಿಕೊಂಡಿವೆ ನೋಡಿ ಅಲ್ಲಿಗೆ ದೋಣಿ ತಿರುಗಿಸುವವರು ಅವರು. ಹಕ್ಕಿ ನೋಡುವುದರಲ್ಲಿ ನಮಗಿಂತ ಜಾಣರು ಅಲ್ವಾ?

ಗಲ್‌ಗಳು ಮತ್ತೆ ಇಳಿದಾಗ ನಡುವೆ ಒಂದು ದೊಡ್ಡದು ಕೂತಿತ್ತು, ಮೈಯೆಲ್ಲ ಕಂದು ಗೀಟು. ಮರಿಹಕ್ಕಿ. ದೊಡ್ಡ ಗಲ್‌ಗಳು ಪೂರ್ತಿ ಬಣ್ಣಕ್ಕೆ ಬರಲು ನಾಲ್ಕು ವರ್ಷ ಹಿಡಿಯುತ್ತವೆ, ಅಲ್ಲಿಯವರೆಗೆ ವರ್ಷಕ್ಕೊಂದು ವೇಷ. ಭಾವ ಹ್ಯೂಗ್ಲಿನ್ಸ್ ಗಲ್ ಅಂತ ಹಟ ಹಿಡಿದ. ನಾನು ಪುಸ್ತಕದಲ್ಲಿ "ದೊಡ್ಡ ಗಲ್, ಮರಿ" ಅಂತಷ್ಟೇ ಬರೆದೆ. ಮಸುಕು ಫೋಟೊ ಹಿಗ್ಗಿಸಿ ಹೆಸರಿಡುವ ಚಟ ನನಗೆ ಹಿಡಿಸುವುದಿಲ್ಲ. ಅವನು ಈಗಲೂ ಅದೇ ಫೋಟೊ ಬೇರೆ ಬೇರೆ ಕಡೆ ಕತ್ತರಿಸಿ ಕಳಿಸುತ್ತಿದ್ದಾನೆ.